ಎರಡು ಹಿಮ್ಮೇಳ, ಒಂದು ಮದ್ದಳೆ

ನಮ್ಮ ಜಿಲ್ಲೆಯಲ್ಲಿ ಹವ್ಯಾಸಿ ಮದ್ದಳೆಗಾರರೆಂಬ ಒಂದು ವರ್ಗವುಂಟು. ಹಗಲಿನಲ್ಲಿ ಶಾಲೆಯಲ್ಲಿ ಪಾಠ ಹೇಳುವವರು, ಬ್ಯಾಂಕಿನಲ್ಲಿ ಲೆಕ್ಕ ನೋಡುವವರು, ಅಡಕೆಯ ತೋಟವನ್ನು ನಂಬಿದವರು, ಅಂಗಡಿಯಿಟ್ಟವರು. ಶನಿವಾರದ ಸಂಜೆಯಾಯಿತೆಂದರೆ ಮದ್ದಳೆಯನ್ನು ಹೆಗಲಿಗೇರಿಸಿ ಹೊರಡತಕ್ಕವರು. ಇವರು ಮೇಳದ ಕಲಾವಿದರಲ್ಲ, ಕೇವಲ ಕೇಳುಗರೂ ಅಲ್ಲ. ಇಂಥವರಿಗೆ ಈಚೆಗೆ ಒಂದು ಧರ್ಮಸಂಕಟವು ಒದಗಿದೆ. ಒಂದು ಕಡೆಯಲ್ಲಿ ಊರ ದೇವಸ್ಥಾನದ ಚಾವಡಿಯಲ್ಲಿಯೋ ಸಂಘದ ಕೋಣೆಯಲ್ಲಿಯೋ ವಾರಕ್ಕೊಮ್ಮೆ ಸೇರುವ ತಾಳಮದ್ದಳೆಯ ಕೂಟ. ಇನ್ನೊಂದು ಕಡೆಯಲ್ಲಿ ಪೇಟೆಯ ಸಭಾಭವನಗಳಿಂದ ಕರೆಬರುವ ಗಾನವೈಭವದ ತಂಡ. ಎರಡೂ ಇವರನ್ನು ಬೇಡುತ್ತವೆ. ಎರಡೂ ಶನಿವಾರವನ್ನೇ ಬೇಡುತ್ತವೆ. ಶನಿವಾರವಾದರೋ ವಾರಕ್ಕೆ ಒಂದೇ.

ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ ಎಂದು ಇವರಲ್ಲೊಬ್ಬನು ಹಿರಿಯರನ್ನು ಕೇಳಿದನೆನ್ನಿ, ಹತ್ತರಲ್ಲಿ ಒಂಬತ್ತು ಮಂದಿ ಕೊಡುವ ಉತ್ತರವು ಒಂದೇ: “ದೊಡ್ಡ ತಂಡಕ್ಕೆ ಹೋಗು ಮಾರಾಯ, ಹೆಸರು ಬಂದೀತು. ಊರ ಕೂಟ ಎಲ್ಲಿಗೆ ಓಡಿಹೋಗುತ್ತದೆ?” ಈ ಉಪದೇಶವು ತಪ್ಪೆಂದೂ, ಇದರಿಂದ ಆ ತರುಣನಿಗೂ ಕಲೆಗೂ ಏಕಕಾಲದಲ್ಲಿ ಹಾನಿಯುಂಟಾಗುತ್ತಿದೆಯೆಂದೂ ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಊರ ಕೂಟವು ಎಲ್ಲಿಗೂ ಓಡಿಹೋಗುವುದಿಲ್ಲ, ನಿಜ. ಅದು ಇದ್ದಲ್ಲಿಯೇ ನಿಂತುಹೋಗುತ್ತದೆ.

ಘಟ್ಟದ ಮೇಲಿನ ವಾಚಕರಿಗಾಗಿ ಎರಡು ಮಾತು ವಿವರಿಸಬೇಕಾಗಿದೆ. ಯಕ್ಷಗಾನದ ಬಯಲಾಟದಿಂದ ವೇಷವನ್ನೂ ಕುಣಿತವನ್ನೂ ಕಳೆದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ, ಆ ಪದ್ಯದ ಅರ್ಥವನ್ನು ಆಶುವಾಗಿ ಬೆಳೆಸುತ್ತಾರೆ. ಮೊದಲಿನಿಂದ ಕಡೆಯವರೆಗೆ ಕಥೆಯೊಂದು ನಡೆಯುತ್ತದೆ. ಗಾನವೈಭವವೆಂಬುದು ಈಚಿನ ಹುಟ್ಟು. ಇಲ್ಲಿ ಕಥೆಯಿಲ್ಲ, ಅರ್ಥವೂ ಇಲ್ಲ. ಬೇರೆಬೇರೆ ಪ್ರಸಂಗಗಳಿಂದ ಜನಪ್ರಿಯವಾದ ಪದ್ಯಗಳನ್ನು ಆಯ್ದು, ಇಬ್ಬರೋ ಮೂವರೋ ಭಾಗವತರು ಒಬ್ಬರನ್ನೊಬ್ಬರು ಮೀರಿಸುವಂತೆ ಹಾಡುವುದು. ಚೆಂಡೆ ಮದ್ದಳೆಗಳು ಅದಕ್ಕೆ ತಕ್ಕಂತೆ ಆರ್ಭಟಿಸುವುದು. ಕಛೇರಿಯ ಠೀವಿ, ಧ್ವನಿವರ್ಧಕಗಳ ಸಾಲು, ಯೂಟ್ಯೂಬಿಗೆ ಚಿತ್ರೀಕರಣ ಎಲ್ಲವೂ ಇರುತ್ತವೆ. ಅದರಲ್ಲಿ ಸೊಗಸಿಲ್ಲವೆಂದು ನಾನು ಹೇಳುವುದಿಲ್ಲ. ಒಳ್ಳೆಯ ಕಂಠವೊಂದು ಮೇಲಿನ ಷಡ್ಜದಲ್ಲಿ ನಿಂತಾಗ ಸಭೆಯೊಡನೆ ನಾನೂ ತಲೆದೂಗಿದವನೇ. ನನ್ನ ವಾದವು ಗಾನವೈಭವವು ಇರಬಾರದೆಂದಲ್ಲ. ವಾರಕ್ಕೊಂದು ಸಂಜೆಯನ್ನು ಮಾತ್ರ ಕಲೆಗೆ ಕೊಡಬಲ್ಲ ಮನುಷ್ಯನು ಆ ಸಂಜೆಯನ್ನು ಎಲ್ಲಿ ಕೊಡತಕ್ಕದ್ದು ಎಂಬುದಷ್ಟೆ.

ಮೊದಲು ಒಂದು ಸರಳವಾದ ಲೆಕ್ಕವನ್ನು ನೋಡೋಣ. ಊರ ಕೂಟವೊಂದರಲ್ಲಿ ಅರ್ಥ ಹೇಳುವವರು ಹತ್ತು ಮಂದಿಯಿದ್ದಾರು. ಅವರಲ್ಲಿ ಇಬ್ಬರು ಬಾರದಿದ್ದರೆ ಕೃಷ್ಣನ ಅರ್ಥ ಹೇಳಿದವರೇ ವಿದುರನಿಗೂ ಮಾತು ಕೊಟ್ಟು ಹೇಗೋ ಸಂಧಾನವನ್ನು ದಾಟಿಸುತ್ತಾರೆ. ಚೆಂಡೆಯವನು ಬಾರದಿದ್ದರೂ ನಡೆಯುತ್ತದೆ. ಆದರೆ ಮದ್ದಳೆಯವನು ಬಾರದಿದ್ದರೆ ಕೂಟವಿಲ್ಲ. ಹೆಸರನ್ನೇ ನೋಡಿರಿ: ನಮ್ಮ ಪೂರ್ವಿಕರು ಈ ಕಲೆಗೆ ಅರ್ಥಗಾರಿಕೆಯೆಂದಾಗಲಿ ವಾಗ್ವಿಲಾಸವೆಂದಾಗಲಿ ಹೆಸರಿಡಲಿಲ್ಲ, ತಾಳಮದ್ದಳೆಯೆಂದರು. ಯಾವೆರಡು ಇಲ್ಲದಿದ್ದರೆ ಇದು ಇಲ್ಲವೋ ಆ ಎರಡನ್ನೇ ಹೆಸರಾಗಿ ನಿಲ್ಲಿಸಿದರು. ಒಂದು ಗ್ರಾಮದಲ್ಲಿ ಮದ್ದಳೆ ಬಾರಿಸಬಲ್ಲವನು ಸಾಧಾರಣವಾಗಿ ಒಬ್ಬನಿರುತ್ತಾನೆ, ಭಾಗ್ಯವಿದ್ದರೆ ಇಬ್ಬರು. ಆ ಒಬ್ಬನನ್ನು ಪೇಟೆಯ ತಂಡವು ಕರೆದೊಯ್ದಾಗ ಆ ತಂಡಕ್ಕೆ ಐದನೆಯ ಮದ್ದಳೆಯೊಂದು ಲಾಭವಾಗುತ್ತದೆ. ಆ ಊರಿಗೆ ಇದ್ದ ಒಂದೂ ನಷ್ಟವಾಗುತ್ತದೆ. ಇದನ್ನು ಕಲೆಯ ಅಭಿವೃದ್ಧಿಯೆಂದು ಕರೆಯುವ ಗಣಿತವು ನನಗೆ ತಿಳಿಯದು.

“ಸಂಭಾವನೆಯ ಮಾತೇನು? ಊರ ಕೂಟದಲ್ಲಿ ಸಿಕ್ಕುವುದು ಅವಲಕ್ಕಿ, ಚಹ” ಎಂದು ಪೂರ್ವಪಕ್ಷದವರು ಕೇಳುವರು. ಕೇಳಲಿ. ಹಣದ ವಿಷಯವಾಗಿ ಸಂಕೋಚಪಡುವುದು ಸುಳ್ಳು ವೈರಾಗ್ಯವಾದೀತು. ಆದರೆ ಆ ಹಣವು ಯಾರದೆಂದು ವಿಚಾರಿಸಿದ್ದೀರಾ? ತುಳುನಾಡಿನ ಮೇಳಗಳು ದೀಪಾವಳಿಯ ಸುಮಾರಿಗೆ ಗೆಜ್ಜೆ ಕಟ್ಟಿ ಹೊರಟು, ಮೇ ತಿಂಗಳ ಕೊನೆಯ ವಾರದಲ್ಲಿ ಪತ್ತನಾಜೆ ಬಂದಾಗ ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಮುಂದಿನ ಐದಾರು ತಿಂಗಳು ವೃತ್ತಿಯ ಕಲಾವಿದನಿಗೆ ಮೇಳದ ತಿರುಗಾಟವಿಲ್ಲ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು, ಮಳೆಯಲ್ಲಿ ಮನೆಮನೆಗೆ ಹೋಗಿ ಅರ್ಧ ಗಂಟೆಯ ಆಟ ಆಡಿ ಬರುತ್ತಾರೆ. ಕೆಲವರಿಗೆ ಗಾನವೈಭವವೂ ಪೇಟೆಯ ದೊಡ್ಡ ತಾಳಮದ್ದಳೆಗಳೂ ಅನ್ನದ ದಾರಿ. ತಿಂಗಳ ಮೊದಲ ದಿನವೇ ಸಂಬಳ ಬರುವ ಗೃಹಸ್ಥನು ಆ ಪೀಠದಲ್ಲಿ ಕುಳಿತು, ಅರ್ಧ ಸಂಭಾವನೆಗೂ ಕೆಲವೊಮ್ಮೆ ಬರಿಯ ಶಾಲಿಗೂ ಒಪ್ಪಿಕೊಂಡರೆ, ಸಂಘಟಕನಿಗೇನೋ ಉಳಿತಾಯವೇ. ವೃತ್ತಿಯವನ ಆಷಾಢವು ಮಾತ್ರ ಇನ್ನಷ್ಟು ಕತ್ತಲಾಗುತ್ತದೆ. ಅಗ್ಗಕ್ಕೆ ಸಿಕ್ಕುವ ಹವ್ಯಾಸಿಯನ್ನು “ನಿಸ್ಪೃಹ ಕಲಾಸೇವಕ”ನೆಂದು ವೇದಿಕೆಯ ಮೇಲೆ ಹೊಗಳುವ ಸಂಘಟಕರ ಮಾತನ್ನು ಕೇಳುವಾಗ ನನಗೆ ನಗು ಬರುವುದುಂಟು; ನಗು ನಿಂತ ಮೇಲೆ ಕೋಪ ಬರುವುದುಂಟು.

ಇನ್ನು ಎರಡನೆಯ ಆಕ್ಷೇಪ. ಇದು ಮೊದಲಿನದಕ್ಕಿಂತ ಘನವಾದುದು, ಆದುದರಿಂದ ಇದಕ್ಕೆ ಸಾವಕಾಶವಾಗಿ ಉತ್ತರ ಹೇಳಬೇಕು. “ದೊಡ್ಡವರ ಜೊತೆಯಲ್ಲಿ ಬಾರಿಸಿದರಲ್ಲವೆ ವಿದ್ಯೆ ಬೆಳೆಯುವುದು? ಊರ ಭಾಗವತರ ತಾಳವೇ ಒಮ್ಮೊಮ್ಮೆ ಜಾರುತ್ತದೆ; ಅಲ್ಲಿ ಕುಳಿತವನು ಕಲಿಯುವುದೇನನ್ನು?” ಹೀಗೆಂದು ಕೇಳುವವರು ಗಾನವೈಭವದ ವೇದಿಕೆಯಲ್ಲಿ ಹವ್ಯಾಸಿಗೆ ದೊರೆಯುವುದು ಎಷ್ಟೆಂದು ಗಮನಿಸಬೇಕು. ಮೂರು ಗಂಟೆಯ ಕಾರ್ಯಕ್ರಮ. ನಾಲ್ಕೈದು ಮಂದಿ ಮದ್ದಳೆ ಚೆಂಡೆಗಳವರು ಸರದಿಯಲ್ಲಿ ಏರಿ ಇಳಿಯುತ್ತಾರೆ. ಹವ್ಯಾಸಿಯ ಪಾಲಿಗೆ ಬರುವುದು ಮೂರು ಪದ್ಯ, ಹೆಚ್ಚೆಂದರೆ ನಾಲ್ಕು. ಅವೂ ಎಲ್ಲರಿಗೂ ಬಾಯಿಪಾಠವಾದವು. ಅಲ್ಲಿ ಅವನಿಗೆ ಬೇಕಾದುದು ಕೈಯ ವೇಗ. ಮುಕ್ತಾಯವು ಸಿಡಿಲಿನಂತೆ ಬಿದ್ದರೆ ಚಪ್ಪಾಳೆ. ಚಪ್ಪಾಳೆ ಬಿದ್ದರೆ ಮುಂದಿನ ಕರೆ. ಎರಡು ವರ್ಷ ಹೀಗೆ ಕಳೆದವನ ಕೈಯಲ್ಲಿ ಹತ್ತು ಮುಕ್ತಾಯಗಳು ಝಗಝಗಿಸುತ್ತಿರುತ್ತವೆ. ಒಂದು ಇಡಿಯ ಪ್ರಸಂಗವನ್ನು ನಡೆಸಿಕೊಡುವ ಶಕ್ತಿಯು ಮಾತ್ರ ಇರುವುದಿಲ್ಲ.

ಕೂಟದಲ್ಲಿ ಕುಳಿತವನ ಗತಿ ಬೇರೆ. ಪಾರ್ತಿಸುಬ್ಬನ ಪಂಚವಟಿಯನ್ನೋ ಕರ್ಣಪರ್ವವನ್ನೋ ಎತ್ತಿಕೊಂಡರೆ ಅವನೊಬ್ಬನೇ ಆದಿಯಿಂದ ಅಂತ್ಯದವರೆಗೆ ಹೊರಬೇಕು. ಪ್ರಸಂಗದ ಪುಸ್ತಕದಲ್ಲಿ ಒಂದೊಂದು ಪದ್ಯದ ನೆತ್ತಿಯಲ್ಲಿಯೂ ರಾಗತಾಳಗಳ ಹೆಸರಿರುತ್ತದೆ. ಝಂಪೆಯಿಂದ ಅಷ್ಟಕ್ಕೆ, ಅಷ್ಟದಿಂದ ಏಕಕ್ಕೆ, ಏಕದಿಂದ ತ್ರಿವುಡೆಗೆ ಅವನು ದಾಟುತ್ತಲೇ ಇರಬೇಕು. ಚಪ್ಪಾಳೆ ಬೀಳದ, ಯಾರೂ ಆಯ್ದು ಹಾಡದ, ಕಥೆಯನ್ನು ಒಂದು ಹೆಜ್ಜೆ ಮುಂದಕ್ಕೆ ನೂಕುವುದಕ್ಕಾಗಿಯೇ ಇರುವ ಸಾಧಾರಣ ಪದ್ಯಗಳನ್ನು ಹದವಾಗಿ ಬಾರಿಸುವುದೇ ಮದ್ದಳೆಗಾರನ ನಿಜವಾದ ಪರೀಕ್ಷೆ. ಅರ್ಥವು ಎಲ್ಲಿ ಮುಗಿಯುತ್ತದೆಂಬುದು ಹೇಳುವವನಿಗೇ ಮೊದಲು ಗೊತ್ತಿರುವುದಿಲ್ಲ. ಅವನ ಸ್ವರದ ಇಳಿತದಿಂದ, ಭಾಗವತರ ಬೆರಳು ಪುಸ್ತಕದಲ್ಲಿ ಸರಿದುದರಿಂದ, ಮುಂದಿನ ಎತ್ತುಗಡೆಯನ್ನು ಊಹಿಸಿ ಕೈಯನ್ನು ಸಿದ್ಧವಾಗಿಟ್ಟಿರಬೇಕು. ಭಾಗವತರ ತಾಳವು ಜಾರುತ್ತದೆಯೆನ್ನುವಿರೋ? ಜಾರಿದುದನ್ನು ಸಭೆಗೆ ತಿಳಿಯದಂತೆ ಎತ್ತಿ ನಿಲ್ಲಿಸುವ ವಿದ್ಯೆಯನ್ನು ಜಾರದ ಭಾಗವತರ ಪಕ್ಕದಲ್ಲಿ ಕುಳಿತು ಕಲಿಯುವುದು ಹೇಗೆ? ದೊಡ್ಡವರಿಂದ ಕಲಿಯಬೇಕೆಂಬ ಹಂಬಲವಿದ್ದವನು ಅವರ ಮನೆಗೆ ಹೋಗಿ ಶಿಷ್ಯನಾಗಿ ಕುಳಿತುಕೊಳ್ಳಲಿ. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವು ಆರಂಭವಾದಂದಿನಿಂದ ಹಿಮ್ಮೇಳವನ್ನು ಕ್ರಮವಾಗಿ ಕಲಿಸುವ ತಾಣಗಳಿಗೆ ನಮ್ಮಲ್ಲಿ ಕೊರತೆಯೇನೂ ಇಲ್ಲ. ಕಲಿಯುವ ಸ್ಥಳವು ಗುರುವಿನ ಮನೆ, ಪಳಗುವ ಸ್ಥಳವು ಊರ ಕೂಟ. ವೇದಿಕೆಯು ಇವೆರಡೂ ಆದ ಮೇಲಿನದು.

ಇಲ್ಲಿ ಇನ್ನೊಂದು ಮಾತು ನೆನಪಿಗೆ ಬರುತ್ತದೆ. ಹವ್ಯಾಸಿಯೆಂದರೆ ಅರೆಕಲಾವಿದ, ಅವನು ದೊಡ್ಡ ತಂಡ ಸೇರಿದಾಗಲೇ ಪೂರ್ಣನಾಗುವನೆಂಬ ಭ್ರಮೆಯು ನಮ್ಮಲ್ಲಿದೆ. ದೇರಾಜೆ ಸೀತಾರಾಮಯ್ಯನವರು ಕೃಷಿಕರಾಗಿದ್ದುಕೊಂಡೇ ಅರ್ಥಗಾರಿಕೆಯಲ್ಲಿ ಮೇರುವಾಗಿ ನಿಂತರು. ನೂರು ವರ್ಷಗಳನ್ನು ದಾಟಿ 2020ರಲ್ಲಿ ತೀರಿಕೊಂಡ ಹಿರಿಯಡ್ಕ ಗೋಪಾಲರಾಯರು, ಬಡಗುತಿಟ್ಟಿನ ಮೇಳಗಳಲ್ಲಿ ಏರುಮದ್ದಳೆಯಿಂದ ಹೆಸರಾಂತವರು, ನಾಟಿವೈದ್ಯವನ್ನೂ ಬಲ್ಲವರಾಗಿದ್ದರು. ಒಬ್ಬ ಮನುಷ್ಯನಿಗೆ ಎರಡು ಕೆಲಸಗಳಿದ್ದರೆ ಎರಡೂ ಅರ್ಧವಾಗಬೇಕೆಂಬ ನಿಯಮವನ್ನು ನಮ್ಮ ನಾಡು ಹಿಂದೆಂದೂ ಒಪ್ಪಿದಂತಿಲ್ಲ.

“ಎರಡಕ್ಕೂ ಹೋದರಾಯಿತು” ಎಂಬ ಮಧ್ಯಮಮಾರ್ಗಿಗಳಿಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಶನಿವಾರ ಇಲ್ಲಿ, ಒಂದು ಶನಿವಾರ ಅಲ್ಲಿ ಎಂದು ಹೊರಟವನ ಡೈರಿಯನ್ನು ಮೂರು ತಿಂಗಳಾದ ಮೇಲೆ ತೆರೆದು ನೋಡಿರಿ. ಪೇಟೆಯ ಕಾರ್ಯಕ್ರಮದ ದಿನವು ಅಚ್ಚಾದ ಆಮಂತ್ರಣದಲ್ಲಿರುತ್ತದೆ, ಆದ್ದರಿಂದ ಅದು ಕದಲದು. ಊರ ಕೂಟದ ದಿನವು ಬಾಯಿಮಾತಿನಲ್ಲಿರುತ್ತದೆ, ಆದ್ದರಿಂದ ಪ್ರತಿಸಲ ಕದಲುವುದು ಅದೇ. ಸುಳ್ಯದ ಕಡೆಯವನು ಮಂಗಳೂರಿಗೆ 80 ಕಿಲೋಮೀಟರಿಗೆ ಮೇಲ್ಪಟ್ಟು ಹೋಗಿ, ಬಾರಿಸಿ, ನಡುರಾತ್ರಿ ಕಳೆದು ಮನೆಗೆ ಬಂದರೆ ಭಾನುವಾರವೂ ಅವನ ಪಾಲಿಗಿಲ್ಲ. ಹೆಂಡತಿ ಮಕ್ಕಳು ಕೇಳುವ ಪ್ರಶ್ನೆಗೆ ಅವನು ಕೊಡುವ ಮೊದಲ ಬಲಿಯು ಊರ ಕೂಟವೇ. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟವನು ಹೆಸರಿಗೆ ಎರಡನ್ನೂ ಇಟ್ಟುಕೊಂಡು ಸಣ್ಣದನ್ನು ಮುಳುಗಿಸುತ್ತಾನೆ. ಬಿಡುವುದಾದರೆ ಬಿಡುತ್ತೇನೆಂದು ಪತ್ತನಾಜೆಗೆ ಮೊದಲೇ ಹೇಳಿ ಹೋದವನು ಇವನಿಗಿಂತ ವಾಸಿ. ಕೂಟದವರು ಒಬ್ಬ ಹುಡುಗನನ್ನಾದರೂ ತಯಾರು ಮಾಡಿಕೊಂಡಾರು.

ಆ ಹುಡುಗನ ಮಾತು ಬಂದುದರಿಂದ ಕೇಳುತ್ತೇನೆ. ಇಂದು ಗಾನವೈಭವದ ವೇದಿಕೆಯಲ್ಲಿ ಮಿಂಚುತ್ತಿರುವ ಹವ್ಯಾಸಿಗಳು ಮದ್ದಳೆಯನ್ನು ಮೊದಲು ಮುಟ್ಟಿದುದು ಎಲ್ಲಿ? ಬಹುಮಂದಿಯನ್ನು ಕೇಳಿ ನೋಡಿರಿ: ಊರ ಕೂಟದಲ್ಲಿ, ಚಹದ ವಿರಾಮದಲ್ಲಿ, ದೊಡ್ಡವರು ಎದ್ದು ಹೊರಗೆ ಹೋದಾಗ ಹೆದರುತ್ತ ಹೆದರುತ್ತ ಮುಚ್ಚಿಗೆಯ ಮೇಲೆ ಬೆರಳಾಡಿಸಿದ್ದರಿಂದ. ಪೇಟೆಯ ಸಭಾಭವನದ ಮುಂದಿನ ಸಾಲಿನಲ್ಲಿ ಕುಳಿತ ಬಾಲಕನಿಗೆ ಆ ಭಾಗ್ಯವಿಲ್ಲ. ಅಲ್ಲಿ ಮದ್ದಳೆಗೂ ಅವನಿಗೂ ನಡುವೆ ವೇದಿಕೆಯ ಎತ್ತರವಿದೆ, ದೀಪಗಳ ಪ್ರಖರತೆಯಿದೆ, ಕಾರ್ಯಕರ್ತರ ಗದರಿಕೆಯಿದೆ. ಊರ ಕೂಟಗಳು ಒಂದೊಂದಾಗಿ ಮೌನವಾದರೆ ಇಪ್ಪತ್ತು ವರ್ಷಗಳ ಮೇಲೆ ಗಾನವೈಭವದವರು ಹವ್ಯಾಸಿಗಳನ್ನು ಯಾವ ಅಂಗಡಿಯಿಂದ ತರಿಸುವರೋ ನಾನರಿಯೆ.

ಇಷ್ಟನ್ನು ಕೇಳಿ ಕೂಟದ ಹಿರಿಯರು ಸಂತೋಷಪಡುವುದು ಬೇಡ. ಅವರ ಮೇಲೂ ನನ್ನ ದೂರಿದೆ, ಅದು ಚಿಕ್ಕದಲ್ಲ. ಕೂಟದ ವಾರ್ಷಿಕೋತ್ಸವದ ಕರಪತ್ರವನ್ನು ತೆಗೆದು ನೋಡಿರಿ. ಹೊರಗಿನಿಂದ ಬಂದ ಅರ್ಥಧಾರಿಗಳ ಹೆಸರು ದಪ್ಪ ಅಕ್ಷರಗಳಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಬಿರುದಿನೊಡನೆ. ಭಾಗವತರ ಹೆಸರು ಮಧ್ಯಮಗಾತ್ರದಲ್ಲಿ. ವರ್ಷವೆಲ್ಲ ಒಂದು ವಾರವೂ ತಪ್ಪದೆ ಬಾರಿಸಿದವನು “ಹಾಗೂ ಊರ ಹಿಮ್ಮೇಳದವರು” ಎಂಬ ಮೂರು ಪದಗಳಲ್ಲಿ ಅಡಗಿಹೋಗಿರುತ್ತಾನೆ. ಅರ್ಥಧಾರಿಯು ಎರಡು ಗಂಟೆಯ ಹೊತ್ತು ಭೀಷ್ಮನ ಪೀಠಿಕೆಯನ್ನು ಬೆಳೆಸುತ್ತಾನೆ. ಹೊತ್ತು ಮೀರಿತೆಂದು ತೋರಿದಾಗ ಮೊಟಕಾಗುವುದು ಪದ್ಯಗಳೇ. ಇಬ್ಬರು ಅರ್ಥಧಾರಿಗಳಿಗೆ ಜಿದ್ದು ಹತ್ತಿತೆಂದರೆ ಮದ್ದಳೆಯವನು ತೊಡೆಯ ಮೇಲೆ ಮದ್ದಳೆಯನ್ನಿಟ್ಟುಕೊಂಡು ಮುಕ್ಕಾಲು ಗಂಟೆ ಕಂಬದಂತೆ ಕುಳಿತಿರಬೇಕು. ಅವನಿಗೂ ಕೈಯುಂಟು, ಅವನಿಗೂ ನಾಳೆ ಹಗಲು ಕೆಲಸವುಂಟು ಎಂಬುದು ಯಾರ ಲಕ್ಷ್ಯದಲ್ಲಿಯೂ ಇಲ್ಲ. ಮುಚ್ಚಿಗೆ ಹರಿದರೆ ಹೊಸದರ ಖರ್ಚು ಅವನದೇ. ಧ್ವನಿವರ್ಧಕಕ್ಕೆ, ಶಾಮಿಯಾನಕ್ಕೆ, ಅತಿಥಿಗಳ ಫಲತಾಂಬೂಲಕ್ಕೆ ಚಂದಾ ಎತ್ತುವ ಸಮಿತಿಗೆ ಚರ್ಮದ ಖರ್ಚೊಂದು ಕಾಣುವುದಿಲ್ಲ. ಇಂಥ ಮನೆಯಲ್ಲಿ ದುಡಿದ ತರುಣನು, ತನ್ನ ಹೆಸರನ್ನು ಅಚ್ಚುಮಾಡಿ, ಕಾರು ಕಳುಹಿಸಿ, ಎದುರು ಬಂದು ಕೈಮುಗಿದ ಪೇಟೆಯವರ ಕಡೆಗೆ ವಾಲಿದರೆ ಅವನನ್ನು ಕೃತಘ್ನನೆನ್ನುವ ಬಾಯಿ ನನಗಿಲ್ಲ.

ಆದುದರಿಂದ ತರುಣನಿಗೆ ಊರಲ್ಲಿಯೇ ನಿಲ್ಲೆಂದು ಹೇಳುವವನು ಊರವರನ್ನೂ ಎರಡು ಮಾತು ಕೇಳಲೇಬೇಕಾಗುತ್ತದೆ. ಈ ಮಳೆಗಾಲದ ಕೂಟಗಳಿಗೆ ಆಮಂತ್ರಣವನ್ನು ಅಚ್ಚುಮಾಡುವಾಗ ಮದ್ದಳೆಯವನ ಹೆಸರನ್ನು ಅರ್ಥಧಾರಿಗಳ ಗಾತ್ರದಲ್ಲಿಯೇ, ಅವರಿಗಿಂತ ಮೇಲಿನ ಸಾಲಿನಲ್ಲಿ ಹಾಕಿಸುವಿರಾ? ವರ್ಷಕ್ಕೊಮ್ಮೆ ಮುಚ್ಚಿಗೆಯ ಖರ್ಚನ್ನು ಸಂಘದ ಲೆಕ್ಕಕ್ಕೆ ಬರೆದುಕೊಳ್ಳುವಿರಾ? ಈ ಎರಡನ್ನೂ ಮಾಡಲೊಪ್ಪದ ಕೂಟದಿಂದ ಒಬ್ಬ ಮದ್ದಳೆಗಾರನು ಎದ್ದು ಪೇಟೆಯ ಬಸ್ಸು ಹತ್ತಿದನೆಂದರೆ, ಇಷ್ಟೆಲ್ಲ ಬರೆದ ಮೇಲೆಯೂ ನಾನು ಅವನ ಪಕ್ಷವನ್ನೇ ವಹಿಸುವೆನು.