ಗೋಡೆಯೇ ಮೊದಲ ಗುರು

ಮುದ್ದೇಬಿಹಾಳದ ಎರೆಯ ನೆಲ ಬಿಳಿಜೋಳಕ್ಕೆ ಹೆತ್ತ ತಾಯಿ. ಟೆನ್ನಿಸಿಗೆ ಮಾತ್ರ ಮಲತಾಯಿ. ಮಳೆಗಾಲದಲ್ಲಿ ನೀರುಂಡು ಉಬ್ಬುವ ಈ ಮಣ್ಣು ಬೇಸಗೆಯಲ್ಲಿ ಬಾಯ್ಬಿಟ್ಟು ಬಿರಿಯುತ್ತದೆ; ಅದರ ಮೇಲೆ ಚೆಂಡು ಸಮನಾಗಿ ಪುಟಿಯಲಾರದು. ಪೂರ್ಣ ಅಂಕಣವೊಂದಕ್ಕೆ ಸುತ್ತಲಿನ ಓಡಾಟದ ಜಾಗವೂ ಸೇರಿ 120 ಅಡಿ ಉದ್ದ, 60 ಅಡಿ ಅಗಲದ ಸಮತಟ್ಟು ನೆಲ ಬೇಕು. ರೈತನ ಲೆಕ್ಕದಲ್ಲಿ ಅದು ಆರೂವರೆ ಗುಂಟೆಗೂ ಮಿಕ್ಕ ಭೂಮಿ. ಆದುದರಿಂದಲೇ ಮಗಳು “ಅಪ್ಪಾ, ನಾ ಟೆನ್ನಿಸ್ ಕಲೀತೀನಿ” ಎಂದರೆ, ತಂದೆ ನಕ್ಕು “ಅದು ದೊಡ್ಡ ಊರ ಮಂದಿ ಆಟ, ತಂಗಿ” ಎಂದು ಮಾತು ಮುಗಿಸುತ್ತಾನೆ. ಅಲ್ಲಿಗೆ ಮಾತಿನೊಡನೆ ಮಗುವಿನ ಹಂಬಲವೂ ಮುಗಿಯುತ್ತದೆ.

ಆದರೆ ಆಟವನ್ನು ಕಲಿಯುವುದಕ್ಕೆ ಅಷ್ಟು ಭೂಮಿ ಬೇಕೆಂಬುದೇ ತಪ್ಪು ತಿಳಿವಳಿಕೆ. ಟೆನ್ನಿಸಿನ ಮೂಲಸೂತ್ರ ಸರಳವಾದುದು. ಬಲೆಯಾಚೆಯಿಂದ ಬಂದ ಚೆಂಡು ಎರಡನೆಯ ಸಲ ನೆಲ ಮುಟ್ಟುವ ಮುನ್ನ ಅದನ್ನು ಎದುರಾಳಿಯ ಗೆರೆಗಳೊಳಗೆ ಹಿಂದಿರುಗಿಸಬೇಕು. ಎಣಿಕೆ 15, 30, 40 ಎಂದು ಏರುತ್ತದೆ. ಅದರ ಮೇಲಿನದು ಗೇಮ್. ಇಬ್ಬರೂ 40ರಲ್ಲಿ ಸಮನಾದರೆ ಸತತ ಎರಡು ಅಂಕ ಗೆದ್ದವರಿಗೆ ಗೇಮ್ ದಕ್ಕುತ್ತದೆ.

ಚಿಕ್ಕವರಿಗೆ ಚಿಕ್ಕ ಅಂಕಣವೂ ಉಂಟು: 36 ಅಡಿ ಉದ್ದ, ಸುಮಾರು 18 ಅಡಿ ಅಗಲ. ಶಾಲೆಯ ಅಂಗಳದಲ್ಲಿ ಗರಸು ಹಾಕಿ ಬಡಿದ ತುಣುಕೊಂದು ಇದಕ್ಕೆ ಸಾಕು. ಎರಡು ಗೂಟಗಳ ನಡುವೆ ಎರಡೂವರೆ ಅಡಿಗೆ ತುಸು ಮೇಲೆ ಹಗ್ಗ ಬಿಗಿದು ಹಳೆಯ ಸೀರೆಯನ್ನು ಇಳಿಬಿಟ್ಟರೆ ಬಲೆ ಸಿದ್ಧ. ಎಳೆಯರಿಗೆಂದೇ ಇರುವ ಕೆಂಪು ಚೆಂಡು ಮೆಲ್ಲಗೆ ಸಾಗುತ್ತದೆ, ತಗ್ಗಾಗಿ ಪುಟಿಯುತ್ತದೆ. 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಸಾಮಾನ್ಯ ಹಳದಿ ಚೆಂಡನ್ನು ಬಳಸಬಾರದೆಂದು 2012ರಿಂದ ಅಂತರರಾಷ್ಟ್ರೀಯ ನಿಯಮವೇ ಇದೆ. ರ‍್ಯಾಕೆಟ್ಟನ್ನು ಕೊಳ್ಳುವಾಗ ಮಗುವಿನ ಕೈಗಿತ್ತು ನೋಡಬೇಕು. ತೋಳನ್ನು ಕೆಳಗೆ ಇಳಿಬಿಟ್ಟಾಗ ಅದರ ತುದಿ ನೆಲಕ್ಕೆ ತಗಲಬಾರದು.

ಜೊತೆಗಾರರು ದೊರೆಯದಿದ್ದರೂ ಕೊರತೆಯಿಲ್ಲ. ಕಿಟಕಿಯಿಲ್ಲದ ಗೋಡೆಯೊಂದರ ಮೇಲೆ ಮೂರಡಿ ಎತ್ತರಕ್ಕೆ ಸುಣ್ಣದ ಗೆರೆ ಎಳೆದು, ಹದಿನೈದಡಿ ದೂರ ನಿಂತು, ಗೆರೆಯ ಮೇಲಕ್ಕೆ ಚೆಂಡನ್ನು ಹೊಡೆಯಲಿ. ಮರಳಿದ ಚೆಂಡು ಒಮ್ಮೆ ಪುಟಿದ ಮೇಲೆ ಮತ್ತೆ ಹೊಡೆಯಲಿ. ರಭಸಕ್ಕಿಂತ ಲೆಕ್ಕ ಮುಖ್ಯ. ಇಂದು ಐದು ಸಲ ತಪ್ಪದೆ ಹೊಡೆದವಳು ಬರುವ ವಾರ ಹತ್ತಕ್ಕೇರಿದರೆ ಪಾಠ ಸಾಗಿದೆಯೆಂದೇ ಅರ್ಥ. ಈ ನಾಡಿನ ಬಿಸಿಲಿಗೆ ಮುಂಜಾವು, ಸಂಜೆಗಳೇ ತಕ್ಕ ವೇಳೆ.

ಕೊಡಗಿನ ರೋಹನ್ ಬೋಪಣ್ಣ ಟೆನ್ನಿಸ್ ಹಿಡಿದದ್ದು ಹನ್ನೊಂದನೆಯ ವಯಸ್ಸಿನಲ್ಲಿ, ತಂದೆಯ ಒತ್ತಾಸೆಯಿಂದ. ಆಸ್ಟ್ರೇಲಿಯನ್ ಓಪನ್‌ನ ಪುರುಷರ ಜೋಡಿ ಪ್ರಶಸ್ತಿಯನ್ನು ಮ್ಯಾಥ್ಯೂ ಎಬ್ಡೆನ್‌ನೊಡನೆ ಅವರು ಗೆದ್ದದ್ದು 2024ರಲ್ಲಿ, 43ನೆಯ ವಯಸ್ಸಿನಲ್ಲಿ. ಎರಡರ ನಡುವೆ ಮೂರು ದಶಕಗಳ ದುಡಿಮೆಯಿದೆ. ಪ್ರತಿಯೊಂದು ಮಗುವೂ ಅಷ್ಟು ದೂರ ನಡೆಯಬೇಕಾಗಿಲ್ಲ. ಆದರೆ ಮೊದಲ ಹೆಜ್ಜೆ ಇಡಬೇಕೋ ಬೇಡವೋ ಎಂಬುದನ್ನು ಮಗುವೇ ನಿರ್ಧರಿಸಲಿ. ತಂದೆಯ ಒಂದು ನಗೆ ಅದನ್ನು ನಿರ್ಧರಿಸದಿರಲಿ. ಸುಣ್ಣದ ಒಂದು ಗೆರೆಗೆ ತಗಲುವ ಖರ್ಚಾದರೂ ಎಷ್ಟು?