ಬಂದವರಿಗೆ ಯಾವ ಸೊಲ್ಲಾಪುರವನ್ನು ತೋರಿಸುವೆವು?

ಬೇಸಿಗೆಯ ಸೂಟಿ ಬಂತೆಂದರೆ ಸೊಲ್ಲಾಪುರದ ಕನ್ನಡ ಮನೆಗಳಲ್ಲಿ ಅತಿಥಿಗಳ ಹಂಗಾಮು ಆರಂಭವಾಗುತ್ತದೆ. ವಿಜಾಪುರ, ಕಲಬುರ್ಗಿ, ಬಾಗಲಕೋಟೆ, ಹುಬ್ಬಳ್ಳಿಗಳಿಂದ ಗೆಳೆಯರು ಸಂಸಾರಸಮೇತರಾಗಿ ಬರುತ್ತಾರೆ. ಕರ್ನಾಟಕದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿಯೇ ಸೂಟಿ. ನಮ್ಮ ಶಾಲೆಗಳಿಗೆ ಮೇ ತಿಂಗಳ ಮೊದಲಿಗೆ. ಆದುದರಿಂದ ಉಭಯ ಕಡೆಯ ಮಕ್ಕಳೂ ಕೂಡಿ ಆಡುವ ಕಾಲವೆಂದರೆ ಮೇ ತಿಂಗಳೊಂದೇ. ಅತಿಥಿಸತ್ಕಾರದಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದವರಲ್ಲ. ಜೋಳದ ಕಡಕ್ ರೊಟ್ಟಿ, ಶೇಂಗಾದ ಚಟ್ನಿ, ಕೆನೆಮೊಸರು, ಮಾವಿನ ಹಣ್ಣಿನ ಸೀಕರಣೆ, ಹೋಗುವಾಗ ಕೈಗೊಂದು ಸೊಲ್ಲಾಪುರದ ಚಾದರ: ಇದರಲ್ಲಿ ಕೊರತೆಯೆಂಬದಿಲ್ಲ. ಈ ಸತ್ಕಾರದ ವಿಷಯದಲ್ಲಿ ನಮ್ಮದು ಯಾವ ತಕರಾರೂ ಇಲ್ಲ. ನಮ್ಮ ತಕರಾರು ಊಟ ಮುಗಿದ ಮೇಲೆ ಆರಂಭವಾಗುವದು.

ಊಟವಾಗಿ ಎಲೆಯಡಿಕೆ ಹಾಕಿಕೊಳ್ಳುತ್ತ ಅತಿಥಿಯು ಕೇಳುತ್ತಾನೆ: "ನಿಮ್ಮ ಊರಾಗ ನೋಡುವಂಥಾದ್ದು ಏನೈತ್ರೀ?" ನಮ್ಮವರಲ್ಲಿ ಹಲವರ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಇಲ್ಲಿ ಏನೈತ್ರೀ, ಬರೇ ಬಿಸಲು, ಧೂಳು. ನಾಳೆ ತುಳಜಾಪುರಕ್ಕ ಹೋಗೂಣು, ನಾಡದು ಪಂಢರಾಪುರ, ಅಕ್ಕಲಕೋಟಿ. ಸಂಜಿಕೆ ಸಿನಿಮಾ." ತುಳಜಾಭವಾನಿಯ ದರ್ಶನ, ವಿಠ್ಠಲನ ದರ್ಶನ, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನ ಪುಣ್ಯಪ್ರದವೇ ಸರಿ. ಆದರೆ ನಾಲ್ಕು ದಿನ ಸೊಲ್ಲಾಪುರದಲ್ಲಿದ್ದ ಗೆಳೆಯನಿಗೆ ಸೊಲ್ಲಾಪುರವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ತೋರಿಸಿ ಕಳಿಸುವ ಈ ಪದ್ಧತಿಯನ್ನು ಏನೆಂದು ಕರೆಯಬೇಕು? ಇದನ್ನು ವಿನಯವೆಂದು ಕರೆಯುವವರುಂಟು. ನಾವು ಇದನ್ನು ಸಂಕೋಚವೆಂದು ಕರೆಯುವೆವು. ತನ್ನ ಮನೆಯಲ್ಲಿಯೇ ತಾನು ಬಾಡಿಗೆದಾರನೆಂದು ಭಾವಿಸಿದವನ ಸಂಕೋಚ.

ನೋಡುವಂಥದು ಏನೂ ಇಲ್ಲವೆಂಬ ಮಾತನ್ನು ಮೊದಲು ಪರೀಕ್ಷಿಸೋಣ. ಊರ ನಡುವೆ ಸಿದ್ಧೇಶ್ವರ ಕೆರೆಯಿದೆ. ಹನ್ನೆರಡನೆಯ ಶತಮಾನದಲ್ಲಿ ಇದು ಸೊನ್ನಲಿಗೆ. 'ಕಪಿಲಸಿದ್ಧಮಲ್ಲಿಕಾರ್ಜುನ' ಎಂಬ ಅಂಕಿತದಲ್ಲಿ ವಚನಗಳನ್ನು ನುಡಿದ ಸಿದ್ಧರಾಮನು ಕೆರೆ ಕಟ್ಟಿಸಿದ ಊರು. ಅವನ ಸಮಾಧಿಯಿರುವ ಊರು. ರಾಘವಾಂಕ ಕವಿಯು ಅವನ ಚರಿತ್ರೆಯನ್ನು ಷಟ್ಪದಿಯಲ್ಲಿ ಹಾಡಿದ್ದಾನೆ. ಕರ್ನಾಟಕದ ಶಾಲೆಯ ಹುಡುಗನು ಪಠ್ಯಪುಸ್ತಕದಲ್ಲಿ ಸಿದ್ಧರಾಮನ ವಚನವನ್ನು ಬಾಯಿಪಾಠ ಮಾಡಿ, ಅಂಕಗಳನ್ನು ಪಡೆದು, ಸೂಟಿಗೆಂದು ಸೊಲ್ಲಾಪುರಕ್ಕೆ ಬಂದು, ಆ ಕೆರೆಯ ಮಗ್ಗುಲಿನಿಂದಲೇ ರಿಕ್ಷಾದಲ್ಲಿ ಸಿನಿಮಾಗೃಹಕ್ಕೆ ಹೋಗುತ್ತಾನೆ. ಪಾಠದ ಸೊನ್ನಲಿಗೆಯೇ ಈ ಸೊಲ್ಲಾಪುರವೆಂದು ಅವನಿಗೆ ಹೇಳುವವರಾರೂ ಇಲ್ಲ. ತಪ್ಪು ಆ ಹುಡುಗನದೇ?

ಶೂನ್ಯಸಂಪಾದನೆಯಲ್ಲಿ ಒಂದು ಪ್ರಸಂಗವಿದೆ; ನಮ್ಮ ಉಪಾಧ್ಯಾಯ ಬಂಧುಗಳು ಬಲ್ಲರು. ಅಲ್ಲಮಪ್ರಭು ಸೊನ್ನಲಿಗೆಗೆ ಬರುತ್ತಾನೆ. ಕೆರೆಯ ಕೆಲಸ ನಡೆದಿದೆ. ಸಿದ್ಧರಾಮನನ್ನು ಒಡ್ಡನೆಂದು ಹೀಗಳೆದು ಎಲ್ಲಿದ್ದಾನೆಂದು ಕೇಳುತ್ತಾನೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ತೂರುತ್ತಾರೆ. ಸಿದ್ಧರಾಮನು ಎದುರಾಗುತ್ತಾನೆ, ವಾದ ನಡೆಯುತ್ತದೆ, ಕೊನೆಗೆ ಇಬ್ಬರೂ ಕೂಡಿ ಕಲ್ಯಾಣದ ದಾರಿ ಹಿಡಿಯುತ್ತಾರೆ. ಕನ್ನಡ ಸಾಹಿತ್ಯದ ಬಹು ದೊಡ್ಡ ಸಂವಾದಗಳಲ್ಲೊಂದು ಹೀಗೆ ಬಂದವನಿಗೂ ಇದ್ದವನಿಗೂ ನಡುವೆ ಈ ಊರಿನಲ್ಲಿ, ಈ ಕೆರೆಯ ಕೆಲಸವನ್ನೇ ಕುರಿತು ನಡೆಯಿತು. ಅಲ್ಲಮನಂಥ ಖಾರವಾದ ಅತಿಥಿಯೆದುರಿಗೂ ಸಿದ್ಧರಾಮನು "ನಮ್ಮ ಊರಲ್ಲಿ ಏನೂ ಇಲ್ಲ" ಎಂದು ತಲೆ ತಗ್ಗಿಸಲಿಲ್ಲ. ತಾನು ಮಾಡಿದ ಕೆಲಸದ ಪರವಾಗಿ ನಿಂತು ಮಾತನಾಡಿದನು. ನಮ್ಮ ಇಂದಿನ ಅತಿಥಿಗಳು ಅಲ್ಲಮನಷ್ಟು ಕಠಿಣರಲ್ಲ. "ಭಾಳ ಬಿಸಲರೀ" ಎನ್ನುವರು ಅಷ್ಟೆ. ಅಷ್ಟಕ್ಕೇ ನಾವು ಊರನ್ನೇ ಬಿಟ್ಟುಕೊಡಬೇಕೇ?

ಕೆರೆಯ ದಂಡೆಯ ಮೇಲೆಯೇ ಭುಯಿಕೋಟೆಯಿದೆ. ಬಹಮನಿ ಕಾಲದ ಈ ಕೋಟೆಯೊಳಗೆ ಹಳೆಯ ದೇವಾಲಯವೊಂದರ ಅವಶೇಷಗಳಿವೆ. ಅಲ್ಲಿಂದ ನಾಲ್ಕು ಹುತಾತ್ಮರ ಚೌಕಿಗೆ ಬರಬಹುದು. 1930ರ ಮೇ ತಿಂಗಳು, ಇಂಥದೇ ಬಿರುಬಿಸಿಲಿನಲ್ಲಿ, ಗಾಂಧೀಜಿಯವರ ಬಂಧನದ ಸುದ್ದಿ ಕೇಳಿ ಈ ಊರು ಎದ್ದು ನಿಂತಿತು. ಸರಕಾರವು ಲಷ್ಕರಿ ಕಾಯದೆಯನ್ನು ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಈ ನಾಲ್ವರನ್ನು ಯೆರವಡಾ ಕಾರಾಗೃಹದಲ್ಲಿ ಗಲ್ಲಿಗೇರಿಸಿದರು. ಆ ನಾಲ್ಕು ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿರಿ, ಸೊಲ್ಲಾಪುರವೆಂದರೇನೆಂಬದು ತಿಳಿಯುವದು. ಇಲ್ಲಿಯ ಮೊದಲನೆಯ ನೂಲಿನ ಗಿರಣಿ 1877ರಲ್ಲಿ ಹುಟ್ಟಿತು. ಮಗ್ಗದ ಕೆಲಸಕ್ಕೆಂದು ತೆಲುಗು ನಾಡಿನ ಪದ್ಮಶಾಲಿ ನೇಕಾರರು ಬಂದು ನೆಲಸಿದರು. ಚೀನ ದೇಶದ ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡಿ 1942ರಲ್ಲಿ ಅಲ್ಲಿಯೇ ಪ್ರಾಣಬಿಟ್ಟ ಡಾಕ್ಟರ್ ದ್ವಾರಕಾನಾಥ ಕೋಟಣೀಸರು ಹುಟ್ಟಿದ ಊರೂ ಇದೇ. 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆದದ್ದೂ ಇಲ್ಲಿಯೇ. ಇಷ್ಟಿದ್ದೂ "ಏನೈತ್ರೀ" ಎನ್ನುವವನು ಊರನ್ನು ನೋಡಿಲ್ಲವೆಂದೇ ಹೇಳಬೇಕಾಗುವದು.

ನಮ್ಮ ಮಾತಿಗೆ ಎದುರಾಗುವ ಆಕ್ಷೇಪಗಳನ್ನು ನಾವು ಬಲ್ಲೆವು.

ಮೊದಲನೆಯದು ಬಿಸಿಲಿನದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಮಾನ 42 ಅಂಶಗಳನ್ನು ದಾಟುವದು ಇಲ್ಲಿ ಅಪರೂಪವಲ್ಲ. ಮಧ್ಯಾಹ್ನ ಮಕ್ಕಳನ್ನು ಹೊರಗೆ ಕರೆದೊಯ್ಯಲು ನಾವು ಹೇಳುವವರಲ್ಲ. ಆದರೆ ಬೆಳಗಿನ ಆರು ಗಂಟೆಗೆ ಕೆರೆಯ ಗಾಳಿ ತಂಪಾಗಿರುವದು. ಆರರಿಂದ ಒಂಬತ್ತರವರೆಗೆ ಗುಡಿ, ಕೆರೆ, ಕೋಟೆ ಸಾವಕಾಶವಾಗಿ ಆಗುತ್ತವೆ. ಮಧ್ಯಾಹ್ನ ಮನೆಯಲ್ಲಿ ಮಜ್ಜಿಗೆ, ನಿದ್ರೆ, ಹರಟೆ. ಬಿಸಿಲು ಇಳಿದ ಮೇಲೆ ಚೌಕಿ, ಮಗ್ಗಗಳ ಓಣಿ, ಕಬ್ಬಿನ ಹಾಲಿನ ಅಂಗಡಿ. ಬಿಸಿಲನಾಡಿನ ಹಿರಿಯರು ದಿನವನ್ನು ಹೀಗೆಯೇ ಹಂಚಿಕೊಂಡಿದ್ದರು. ಹತ್ತು ಗಂಟೆಗೆ ಎದ್ದು, ಹನ್ನೆರಡಕ್ಕೆ ಹೊರಬಿದ್ದು, ಊರನ್ನು ಬಯ್ಯುವದು ನ್ಯಾಯವಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು: "ಇಲ್ಲಿ ಕನ್ನಡ, ಕನ್ನಡ ಎಂದು ತೋರಿಸುತ್ತ ತಿರುಗಿದರೆ ನೆರೆಯ ಮರಾಠಿ ಬಂಧುಗಳು ಏನೆಂದುಕೊಳ್ಳುವರು?" ಈ ಅಂಜಿಕೆಗೆ ಆಧಾರವಿಲ್ಲವೆಂದು ನಾವು ಹೇಳುವೆವು. ಭೀಮಾ ಮತ್ತು ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲಕ್ಕೆ ಒಂದು ದಿನ ಹೋಗಿಬನ್ನಿರಿ. ನೂರಾರು ಕಿರುಮುಖಗಳನ್ನು ಕೆತ್ತಿದ ಶಿವಲಿಂಗ ಅಲ್ಲಿದೆ. ಮರಾಠಿಯ ಅತಿ ಹಳೆಯ ಶಾಸನಗಳಲ್ಲೊಂದೆಂದು ವಿದ್ವಾಂಸರು ಎಣಿಸುವ, ಕ್ರಿ. ಶ. 1018ರ ಬರಹವೂ ಅಲ್ಲಿದೆ. ಇತ್ತ ಕನ್ನಡ ನಾಡಿನ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳುಗಳೊಂದಿಗೆ ಮರಾಠಿಯ ಹಳೆಯ ಸಾಲುಗಳು ನಿಂತಿವೆ. ಶಿಲೆಯ ಮೇಲೆ ಒಟ್ಟಿಗೆ ಬಾಳಿದ ನುಡಿಗಳು ಓಣಿಯಲ್ಲಿ ಬಾಳಲಾರವೇ? ಸಿದ್ಧರಾಮನ ಜಾತ್ರೆಗೆ ಮಕರಸಂಕ್ರಾಂತಿಯಲ್ಲಿ ನಂದಿಧ್ವಜಗಳು ಹೊರಟಾಗ ಎಲ್ಲ ಭಾಷೆಯವರೂ ಕೈ ಮುಗಿಯುವರು. ನೆರೆಯವನ ಭಾಷೆಯನ್ನು ಗೌರವಿಸಲು ನಮ್ಮ ಭಾಷೆಯನ್ನು ಬಚ್ಚಿಡಬೇಕೆಂದು ಯಾವ ನೆರೆಯವನೂ ಕೇಳಿಲ್ಲ. ಕೇಳದ ಕಂದಾಯವನ್ನು ನಾವಾಗಿಯೇ ತೆರುತ್ತಿದ್ದೇವೆ.

ಮೂರನೆಯದು ಉಪಾಧ್ಯಾಯರ ಮಾತು: "ವರ್ಷವಿಡೀ ಪಾಠ ಹೇಳಿದ್ದೇವೆ, ಸೂಟಿಯಲ್ಲಿಯೂ ಇದೇ ಹೊರೆಯೇ?" ಈ ಮಾತಿನ ದಣಿವನ್ನು ನಾವು ಅರಿಯದವರಲ್ಲ. ಆದರೆ ಒಂದು ಸಂಗತಿಯನ್ನು ವಿಚಾರಿಸಬೇಕು. ನಮ್ಮ ಕನ್ನಡ ಶಾಲೆಗಳ ಬಾಕುಗಳು ಬರಿದಾಗುತ್ತಿವೆಯೆಂದು ಪ್ರತಿ ಸಭೆಯಲ್ಲಿಯೂ ಕೊರಗುತ್ತೇವೆ. ಶಾಲೆಯ ಹುಡುಗನಿಗೆ ಕನ್ನಡವು ಹನ್ನೊಂದರಿಂದ ಐದರವರೆಗಿನ ಭಾಷೆ. ಗಂಟೆ ಬಾರಿಸಿದರೆ ಅದು ಮುಗಿಯಿತು. ಪೇಟೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ, ನೌಕರಿಯ ಕನಸಿನಲ್ಲಿ ಇಂಗ್ಲಿಷ್. ಗೋಡೆಯ ಹೊರಗೆ ಎಲ್ಲಿಯೂ ಕೆಲಸಕ್ಕೆ ಬಾರದ ಭಾಷೆಯನ್ನು ಅವನು ಏಕೆ ಪ್ರೀತಿಸಬೇಕು? ತನ್ನ ವಯಸ್ಸಿನ ಗೆಳೆಯನೊಬ್ಬನು ಹುಬ್ಬಳ್ಳಿಯಿಂದ ಬಂದು "ಇದೇನು, ಅದೇನು" ಎಂದು ಕೇಳುವ ಆ ನಾಲ್ಕು ದಿನಗಳಲ್ಲಿ ಕನ್ನಡಕ್ಕೆ ಬೀದಿಯಲ್ಲಿ ಕೆಲಸ ಸಿಗುತ್ತದೆ. ಕೋಟೆಯ ಬುರುಜಿನ ಮೇಲೆ ನಿಂತು ಗೆಳೆಯನಿಗೆ ಊರನ್ನು ಬಣ್ಣಿಸಿದ ಹುಡುಗನು ಜೂನ್ ತಿಂಗಳಲ್ಲಿ ಶಾಲೆಗೆ ಬೇರೆ ಧೈರ್ಯದಿಂದ ಬರುವನು. ಉಪಾಧ್ಯಾಯರಿಂದ ನಾವು ಕೇಳುವದು ಇಷ್ಟೇ: ಸೂಟಿ ಬಿಡುವ ಮುನ್ನಿನ ಒಂದು ತಾಸು. ಆ ಒಂದು ತಾಸಿನಲ್ಲಿ ಮಕ್ಕಳಿಗೆ ಊರಿನ ಕತೆ ಹೇಳಿರಿ. "ಬಂದ ಗೆಳೆಯನಿಗೆ ನಾನು ತೋರಿಸಿದ ಊರು" ಎಂಬ ಪ್ರಬಂಧವನ್ನು ಸೂಟಿಯ ಅಭ್ಯಾಸವಾಗಿ ಕೊಡಿರಿ.

ಬರುವ ಅತಿಥಿಗಳಿಗೂ ನಮ್ಮದೊಂದು ಮಾತಿದೆ. ಬಂದು ಎರಡು ದಿನಗಳಾಗುವಷ್ಟರಲ್ಲಿ "ನಿಮ್ಮ ಕನ್ನಡದಾಗ ಮರಾಠಿ ಭಾಳ ಬೆರತೈತಿ" ಎಂದು ನಗುವವರಿದ್ದಾರೆ. ನೀವೇ 'ಸೂಟಿ' ಎನ್ನುವಿರಿ. ಅದು ಎಲ್ಲಿಂದ ಬಂತು? ಗಡಿಯಲ್ಲಿ ಭಾಷೆಗಳು ಒಂದರೊಳಗೊಂದು ಹೊಕ್ಕು ಬಾಳುತ್ತವೆ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ವಿಜಾಪುರವು ಆಚೆಗೆ ಹೋಯಿತು, ಸೊಲ್ಲಾಪುರವು ಈಚೆಗೆ ಉಳಿಯಿತು. ಮನೆಯ ಮಾತು ಇದ್ದಲ್ಲಿಯೇ ಇದ್ದಿತು. ಯಾವ ಸರಕಾರದ ನೆರಳೂ ಇಲ್ಲದೆ ಆ ಮಾತನ್ನು ಉಳಿಸಿಕೊಂಡವರ ಮನೆಗೆ ನೀವು ಬಂದಿದ್ದೀರಿ. ನಮ್ಮ ಮಕ್ಕಳು ತಪ್ಪಿ ಆಡಿದರೆ ನಗಬೇಡಿರಿ. ಅವರೊಡನೆ ಹೆಚ್ಚು ಮಾತನಾಡಿರಿ. ನೀವು ತರುವ ಮಿಠಾಯಿಯ ಪೊಟ್ಟಣದ ಜೊತೆಗೆ ಒಂದು ಮಕ್ಕಳ ಕತೆಯ ಪುಸ್ತಕವಿರಲಿ. ಕನ್ನಡದ ಪುಸ್ತಕದಂಗಡಿ ನಿಮ್ಮ ಊರಲ್ಲಿ ಮನೆಯ ಹತ್ತಿರವಿರಬಹುದು. ನಮ್ಮ ಮಕ್ಕಳಿಗೆ ಅದು ದೂರ.

ವಿದ್ಯಾರ್ಥಿ ಮಿತ್ರರೇ, ಹಿರಿಯರು ಸಂಕೋಚಪಟ್ಟರೆ ನೀವಾದರೂ ಮುಂದಾಗಿರಿ. ಈ ಸಲದ ಸೂಟಿಯಲ್ಲಿ ಗೆಳೆಯರು ಬಂದು "ನೋಡುವಂಥಾದ್ದು ಏನೈತಿ" ಎಂದು ಕೇಳಿದರೆ, ನಾಳೆ ಬೆಳಿಗ್ಗೆ ಐದೂವರೆಗೆ ಏಳಲು ಹೇಳಿರಿ. ಕೆರೆಯ ದಂಡೆಗೆ ಕರೆದುಕೊಂಡು ಹೋಗಿರಿ. ಅವರು ಪುಸ್ತಕದಲ್ಲಿ ಓದಿದ ಸಿದ್ಧರಾಮನ ಊರು ಇದೇ ಎಂದು ಕನ್ನಡದಲ್ಲಿ, ಗಟ್ಟಿಯಾಗಿ, ಹೇಳಿರಿ.