ನಕಾಶೆಯಲ್ಲಿ ಬಸ್ಸು ತಿರುಗಿದರೆ ಸಾಕೇ?

ಕಚೇರಿಯ ಮೇಜಿನ ಮೇಲೆ ಹರಡಿದ ನಕಾಶೆಯಲ್ಲಿ ಎಲ್ಲ ವಾಹನಗಳೂ ಸಲೀಸಾಗಿ ತಿರುಗುತ್ತವೆ. ಅಲ್ಲಿ ಎಮ್ಮೆ ಅಡ್ಡ ಬರುವುದಿಲ್ಲ. ಬಾಳೆಹಣ್ಣಿನ ತಳ್ಳುಗಾಡಿ ನಿಂತಿರುವುದಿಲ್ಲ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಭತ್ತ ಹೇರಿಕೊಂಡು ಕತ್ತಲಲ್ಲಿ ಹೊರಟಿರುವುದಿಲ್ಲ. ಇವೆಲ್ಲ ಇರುವುದು ರಸ್ತೆಯ ಮೇಲೆ. ದಿನಾ ಬೆಳಗಾದರೆ ಇದನ್ನು ನೋಡುವವನು ಚಾಲಕ. ಆದರೆ ರಸ್ತೆ ಅಗಲ ಮಾಡುವಾಗ, ಡಿವೈಡರ್ ಹಾಕುವಾಗ, ವೃತ್ತ ಕಟ್ಟುವಾಗ ಯಾರೂ ಕೇಳದೆ ಬಿಡುವುದೂ ಅವನನ್ನೇ!

1997ರಲ್ಲಿ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಕಚೇರಿ ಬಂದವು, ಕಾಲೇಜು ಬಂದವು, ವಾಹನ ಬಂದವು. ಪೇಟೆಯ ಓಣಿಗಳು ಮಾತ್ರ ಹಳೆಯವೇ. ಹೆದ್ದಾರಿಗಳ ಹೆಸರೂ ಬದಲಾಯಿತು. ಹಳೆಯ 63 ಈಗ 67, ಕುಷ್ಟಗಿ ಮೇಲೆ ಹೋಗುವ ಹಳೆಯ 13 ಈಗ 50. ನಂಬರು ಬದಲಾದರೆ ತಿರುವು ಬದಲಾದೀತೇ?

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳ ಸಂಖ್ಯೆ ಏರಿದೆ. ಅವರು ನಿಲ್ಲುವುದೆಲ್ಲಿ? ಕ್ರಾಸಿನ ಮೂಲೆಯಲ್ಲೇ. ಇಲ್ಲಿ ಚಾಲಕನ ಮಾತು ಕೇಳಬೇಕು. ಉದ್ದನೆಯ ಬಸ್ಸಿನ ಮುಂದಿನ ಗಾಲಿ ತುಳಿದ ದಾರಿಯನ್ನು ಹಿಂದಿನ ಗಾಲಿ ತುಳಿಯುವುದಿಲ್ಲ. ತಿರುವಿನಲ್ಲಿ ಅದು ಒಳಕ್ಕೆ ಸರಿಯುತ್ತದೆ. ಮೂಲೆಯನ್ನು ಬಿಗಿಯಾಗಿ ಕಟ್ಟಿದರೆ ಆ ಗಾಲಿ ಏರುವುದು ಫುಟ್‌ಪಾತ್ ಮೇಲೆ, ಕೂಸನ್ನು ಎತ್ತಿಕೊಂಡು ನಿಂತ ತಾಯಿಯ ಕಾಲ ಬಳಿ. ನಿಲುಗಡೆಯನ್ನು ಕ್ರಾಸ್ ದಾಟಿಸಿ ನಾಲ್ಕು ಮಾರು ಮುಂದೆ ಇಟ್ಟರೆ ಖರ್ಚೇನೂ ಇಲ್ಲ. ಆದರೂ ಆಗುವುದಿಲ್ಲ, ಯಾಕಂದ್ರ ಹೇಳುವವರಿಲ್ಲ, ಕೇಳುವವರಂತೂ ಮೊದಲೇ ಇಲ್ಲ.

ಡಿವೈಡರ್ ಮಾತು ಎತ್ತಿದರೆ ಅಂಗಡಿಕಾರರ ಎದೆ ಝಲ್ಲೆನ್ನುತ್ತದೆ. ಎದುರು ಬದಿಯ ಗಿರಾಕಿ ಇತ್ತ ಬರದೆ ಹೋದರೆ ವ್ಯಾಪಾರ ಏನಾದೀತು ಎಂಬ ಭಯ ಸುಳ್ಳಲ್ಲ. ಚಾಲಕನಿಗೂ ಇನ್ನೊಂದು ಭಯವಿದೆ. ತೆರಪನ್ನು ದೂರದೂರ ಬಿಟ್ಟರೆ ಬೈಕಿನವರು ಎದುರು ದಿಕ್ಕಿನಲ್ಲೇ ನುಗ್ಗುತ್ತಾರೆ. ಕೇಳಿದವರಿಗೆಲ್ಲ ತೆರಪು ಕೊಟ್ಟರೆ ಹೆಜ್ಜೆಗೊಂದು ಅಪಘಾತದ ಬಾಯಿ ತೆರೆದಂತೆ. ತೆರಪು ಎಲ್ಲಿ ಬೇಕೆಂಬುದನ್ನು ಜನ ದಾಟುವ ಜಾಗ ನೋಡಿ ತೀರ್ಮಾನಿಸಬೇಕು, ವಶೀಲಿ ನೋಡಿ ಅಲ್ಲ.

ಇನ್ನು ಹಂಪ್ಸ್. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಉಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ನಮ್ಮಲ್ಲಿ ರಾತ್ರೋರಾತ್ರಿ ಏಳುವುದು ಗೋಡೆ! ಮೇಲೆ ಬಿಳಿ ಬಣ್ಣವಿಲ್ಲ, ಮುಂಚೆ ಫಲಕವಿಲ್ಲ. ಹಿಂದಿನ ಸೀಟಿನ ಮುದುಕಿಯ ಬೆನ್ನುಮೂಳೆಯೇ ಅದಕ್ಕೆ ಸಾಕ್ಷಿ. ವೃತ್ತದ ಕಥೆಯೂ ಇಷ್ಟೇ. ಒಳಗೆ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು ಎಂದು 2017ರ ಚಾಲನಾ ನಿಯಮ ಹೇಳುತ್ತದೆ. ಆದರೆ ಸುತ್ತ ಕಟ್ಟಿದ ಫ್ಲೆಕ್ಸುಗಳ ಮರೆಯಲ್ಲಿ ಒಳಗಿರುವವನು ಕಂಡರೆ ತಾನೆ ಹಕ್ಕು ಕೊಡುವುದು?

ವಾಹನ ಎಣಿಸುವುದಕ್ಕೂ ಒಂದು ದಿನ ಬೇಕಲ್ಲ. ಯಾವುದೋ ಸಪ್ಪೆ ಮಂಗಳವಾರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಹುಲಿಗಿ ಹುಣ್ಣಿಮೆಗೆ ಎಣಿಸಲಿ. ಗವಿಮಠದ ಜಾತ್ರೆಗೆ ಎಣಿಸಲಿ. ಅಂಜನಾದ್ರಿಗೆ ಜನ ಹರಿಯುವ ದಿನ, ಗಂಗಾವತಿಯಲ್ಲಿ ಸುಗ್ಗಿಯ ಭತ್ತದ ಲಾರಿಗಳು ಸಾಲುಗಟ್ಟುವ ದಿನ ಎಣಿಸಲಿ. ಕುಷ್ಟಗಿಗೆ 2025ರ ಮೇನಲ್ಲಿ ರೈಲು ಬಂತು. ಯಲಬುರ್ಗಾ ಕಡೆಯವರಿಗೂ ಅನುಕೂಲವಾಯಿತು. ರೈಲು ಇಳಿದವರು ಊರು ಸೇರುವುದು ರಸ್ತೆಯಿಂದಲೇ ಎಂಬುದನ್ನು ಮರೆಯಬಾರದು.

ಚಾಲಕರೇನು ದೇವರಲ್ಲ. ನಡುರಸ್ತೆಯಲ್ಲಿ ಬಸ್ಸು ನಿಲ್ಲಿಸುವವರಿದ್ದಾರೆ, ಮೂಲೆಯಲ್ಲೇ ಟಂಟಂ ಒಡ್ಡಿ ಕೂಗುವವರಿದ್ದಾರೆ. ಅಂಗಡಿಯ ಸರಕನ್ನು ಫುಟ್‌ಪಾತಿಗೆ ಹರವಿ, ಜನ ರಸ್ತೆಗಿಳಿದರೆಂದು ಬೈಯುವ ಸಾವಕಾರರೂ ಇದ್ದಾರೆ. ತಪ್ಪಿನಲ್ಲಿ ಎಲ್ಲರ ಪಾಲೂ ಇದೆ. ಆದರೆ ಅಪಘಾತವಾದ ಕೂಡಲೇ ‘ಚಾಲಕನ ಅಜಾಗರೂಕತೆ’ ಎಂದು ಬರೆದು ಕಡತ ಮುಚ್ಚುವ ಚಾಳಿ ನಿಲ್ಲಬೇಕು. 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 198ಎ ಎಂಬ ಕಲಮು ಇದೆ. ರಸ್ತೆಯನ್ನು ಗೊತ್ತುಪಡಿಸಿದ ಮಟ್ಟಕ್ಕೆ ಕಟ್ಟದೆ ಸಾವು, ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಕಾಯ್ದೆ ಸ್ಟೇರಿಂಗ್ ಹಿಡಿದವನಿಗಷ್ಟೇ ಅಲ್ಲ, ಪೆನ್ನು ಹಿಡಿದವನಿಗೂ ಇದೆ.

ಕೇಳುವುದು ದೊಡ್ಡದೇನಲ್ಲ. ಕೆಲಸಕ್ಕೆ ಗುದ್ದಲಿ ಬೀಳುವ ಮುಂಚೆ ನಕಾಶೆಯನ್ನು ಬಸ್ ನಿಲ್ದಾಣದಲ್ಲಿ ಕನ್ನಡದಲ್ಲಿ ಅಂಟಿಸಿ. ಚಾಲಕರನ್ನೂ ಅಂಗಡಿಕಾರರನ್ನೂ ಒಟ್ಟಿಗೆ ಕೂಡಿಸಿ ಕೇಳಿ. ಸಿಮೆಂಟ್ ಹಾಕುವ ಜಾಗದಲ್ಲಿ ಒಂದು ವಾರ ಉಸುಕಿನ ಚೀಲ ಇಟ್ಟು, ಖಾಲಿ ಬಸ್ಸೊಂದನ್ನು ತಿರುಗಿಸಿ ನೋಡಿ. ಸಾಹೇಬರು ಆ ಬಸ್ಸಿನಲ್ಲಿ ಚಾಲಕನ ಪಕ್ಕ ಕುಳಿತರೆ ಇನ್ನೂ ಒಳ್ಳೆಯದು.

ಚೀಲ ಹರಿದರೆ ಉಸುಕು ಚೆಲ್ಲುತ್ತದೆ, ಗುಡಿಸಿದರಾಯಿತು. ಸಿಮೆಂಟ್ ಕಟ್ಟಿದ ಮೇಲೆ ಚೆಲ್ಲುವುದು ರಕ್ತ.